ಪರದೆಯ ಮೂಲೆಯ ಕುಂಕುಮ

ನಂಬಿದರೆ ನಂಬಿ, ಇದು ಆಯುಧಪೂಜೆಯ ಮರುವಾರ ಮುಳಬಾಗಿಲಿನ ಒಂದು ಕಾಲೇಜಿನ ಆಫೀಸಿನಲ್ಲಿ ನಡೆದದ್ದು. ಕಂಪ್ಯೂಟರಿಗೆ ಹೊಸ ಸಾಫ್ಟ್‌ವೇರ್ ಬಂದು ಹಳೆಯ ಮೆನುಗಳೆಲ್ಲ ಮಾಯವಾಗಿದ್ದವು. ಅವುಗಳ ಜಾಗದಲ್ಲಿ ಬಣ್ಣದ ಚಿತ್ರಗಳ ಪಟ್ಟಿಯೊಂದು ತೋರಣದಂತೆ ತೂಗುತ್ತಿತ್ತು. ಹನ್ನೊಂದಕ್ಕೆ ಪರೀಕ್ಷೆ. ಹಾಲ್‌ಟಿಕೆಟ್ ಪ್ರಿಂಟ್ ಮಾಡುವ ದಾರಿಯೇ ಗುಮಾಸ್ತೆ ಅಂಬಾಬಾಯಿಗೆ ಸಿಗಲಿಲ್ಲ.

ಹುಡುಕಿಕೊಡುತ್ತೇನೆಂದು ಜಂಬ ಕೊಚ್ಚಿದ್ದ ಲೆಕ್ಚರರ್ ಕೌಸ್ತುಭನಿಗೂ ಸಿಗಲಿಲ್ಲ. ಸೋಲೊಪ್ಪುವ ಬದಲು ಅವನು ಪಕ್ಕದ ಕೋಣೆಗೆ ಹೋಗಿ, ಪ್ರಿನ್ಸಿಪಾಲರ ಮೂಗುದನಿಯಲ್ಲಿ ಫೋನ್ ಮಾಡಿದ.

"ಏನಮ್ಮಾ, ಪೂಜೆ ದಿನ ಪರದೆ ಮೂಲೇಲಿ ಕುಂಕುಮ ಇಟ್ಟಿದ್ರಲ್ಲ? ಮೌಸಿನ ಬಾಣ ಅದರ ಮೇಲಿಟ್ಟು, ಕುರುಡುಮಲೆ ಗಣಪನ್ನ ನೆನೆಸ್ಕೊಂಡು ಒತ್ತಿ."

"ಆಗ್ಲಿ ಸಾರ್" ಎಂದು ಅಂಬಾಬಾಯಿ ಕಣ್ಣು ಮುಚ್ಚಿ ಒತ್ತಿದರು. ಬಾಗಿಲಲ್ಲಿ ಇಣುಕಿದ ಕೌಸ್ತುಭ ನಗಲು ತೆರೆದ ಬಾಯಿ ಹಾಗೇ ನಿಂತಿತು. ಮೆನು ಬಿಚ್ಚಿಕೊಂಡಿತ್ತು, ಅದರಲ್ಲಿ ಪ್ರಿಂಟ್ ಇತ್ತು. ಆಕೆ ಸೆರಗಿನಿಂದ ಕುಂಕುಮ ಒರೆಸಿದರೆ, ಅಷ್ಟೇ ಅಗಲದ ದುಂಡು ಬಟನ್ನೊಂದು ಅದರ ಹಿಂದೆ ಅಡಗಿ ಕೂತಿತ್ತು.

"ನಿನ್ ದನಿ ಅಂತ ಗೊತ್ತಾಯ್ತು ಕಣೋ" ಎಂದರು ಅಂಬಾಬಾಯಿ. "ಗಣಪನ ಹೆಸರು ಹೇಳಿದ್ಮೇಲೆ ಒತ್ತದೆ ಇರೋಕಾಗುತ್ತಾ?"

ಪ್ರಿಂಟರ್ ಗರಗರ ಎನ್ನತೊಡಗಿತು. ಅದರ ಸದ್ದನ್ನೂ ಮುಳುಗಿಸುವಂತೆ ಅವರು ನಕ್ಕರು.