ಮಹೇಶ್ವರಪ್ಪನವರ ದಿಂಬು

1937ರ ಫೆಬ್ರವರಿಯಲ್ಲಿ ನ್ಯಾಮತಿಯ ನೆಮ್ಮದಿಗೆ ಭಂಗ ತಂದ ಗಂಭೀರ ಸಂಗತಿಯೆಂದರೆ ಜವಳಿ ವ್ಯಾಪಾರಿ ಮಹೇಶ್ವರಪ್ಪನವರ ದಿಂಬು. ಗಂಟುಗಟ್ಟಿದ ಹತ್ತಿಯನ್ನು ಹಿಂಜಲೆಂದು ಅದನ್ನು ಪಿಂಜಾರ ನನ್ನೇಸಾಬನಿಗೆ ಕೊಟ್ಟು ನಲವತ್ತು ದಿನವಾಗಿತ್ತು. ಮಡಿಸಿದ ಪಂಚೆಯ ಮೇಲೆ ಮಲಗಿ ಮಲಗಿ ಅವರ ಕತ್ತು ಎಡಕ್ಕೆ ತಿರುಗುವುದನ್ನೇ ಬಿಟ್ಟಿತ್ತು.

ಕೇಳಲು ಹೋದವರಿಗೆಲ್ಲ ನನ್ನೇಸಾಬನ ಹೆಂಡತಿ ರಹಮತ್‌ಬೀ ಬಾಗಿಲಲ್ಲೇ ನಿಂತು ಹೇಳುತ್ತಿದ್ದುದು ಒಂದೇ ಮಾತು: "ಹೊನ್ನಾಳಿಗೆ ಹೋಗ್ಯಾರ್ರೀ."

ನಲವತ್ತು ದಿನದಲ್ಲಿ ಹೊನ್ನಾಳಿಯಿಂದ ತೆವಳಿಕೊಂಡಾದರೂ ಬರಬಹುದಿತ್ತು.

ನನ್ನೇಸಾಬ ಒಳಗೆ ಗೋಡೆಗೆ ಮುಖ ಮಾಡಿ ಮಲಗಿದ್ದ. ಜ್ವರವಿಲ್ಲ, ನೋವಿಲ್ಲ, ಏಳುವ ಮನಸ್ಸೂ ಇಲ್ಲ. ಊಟ ದಿನದಿನಕ್ಕೆ ಕಡಿಮೆಯಾಗಿತ್ತು. ಒಂದು ಸಂಜೆ, "ನಾನಿಲ್ದಿದ್ರೆ ನಿನಗೆ ಸುಖ ಇತ್ತು" ಎಂದಿದ್ದ. ಆ ಮಾತು ರಹಮತ್‌ಬೀಯ ಎದೆಯಲ್ಲಿ ಮುಳ್ಳಾಗಿ ನಿಂತಿತ್ತು. ಹಾಗಾಗಿ ಮರುದಿನ ಮಹೇಶ್ವರಪ್ಪನವರೇ ಬಂದಾಗ, ಅವರ ಬೆನ್ನಿಗೆ ತಮಾಷೆ ನೋಡಲು ಪಕ್ಕದ ಮನೆಯ ಅಜ್ಜಮ್ಮನೂ ಬಂದಾಗ, ಅವಳು ಬಾಗಿಲಿಗೆ ಅಡ್ಡ ನಿಲ್ಲಲಿಲ್ಲ.

"ಹೊನ್ನಾಳಿ ಸುಳ್ಳು ರೀ ಸಾವ್ಕಾರ್ರೆ. ಒಳಗೇ ಅದಾರೆ. ಬದುಕಾಕೇ ಮನಸ್ಸಿಲ್ಲ ಅಂತಾರೆ. ನನ್ನೊಬ್ಬಳ ಕೈಲಿ ಆಗಾಕಿಲ್ಲ."

"ಗಾಳಿ ಸೋಕೈತೆ!" ಎಂದಳು ಅಜ್ಜಮ್ಮ. "ಕಾಶಿದಾರ ಕಟ್ಟು. ಸಾವ್ಕಾರ್ರು ಕಾಶಿಯಾತ್ರೆಯಿಂದ ತಂದು ಕೊಟ್ಟಿದ್ದು ನನ್ನ ಕೈಯಾಗೆ ಇನ್ನೂ ಐತೆ, ನೋಡು."

ಆ ಯಾತ್ರೆ ಮುಗಿಸಿ ಬಂದರೆಂದು ಊರೇ ಮಹೇಶ್ವರಪ್ಪನವರ ಕಾಲಿಗೆ ಬಿದ್ದಿತ್ತು. ಅವರು ಒಳಗೆ ಬಂದು ಹತ್ತಿಯ ರಾಶಿಯ ಪಕ್ಕ ಕೂತು, ಕತ್ತು ತಿರುಗದ್ದರಿಂದ ಇಡೀ ಮೈಯನ್ನೇ ಅಜ್ಜಮ್ಮನತ್ತ ತಿರುಗಿಸಿದರು.

"ನಾನು ಕಾಶಿಗೆ ಹೋಗೇ ಇಲ್ಲ, ಅಜ್ಜಮ್ಮ. ಮೂರು ತಿಂಗಳು ಅಟ್ಟದ ಮ್ಯಾಲೆ ಹಿಂಗೇ ಬಿದ್ದಿದ್ದೆ. ಹೇಳಾಕೆ ನಾಚಿಕೆ. ಅದಕ್ಕೆ ಕಾಶಿ ಅಂದ್ವಿ."

"ಮತ್ತೆ ದಾರ?"

"ಹೊನ್ನಾಳಿ ಸಂತೇದು."

"ಅಯ್ಯೋ ಶಿವನೆ! ಇದರಿಂದ ನನ್ನ ಮಂಡಿನೋವು ಹೋಗಿತ್ತಲ್ರೀ!"

ಗೋಡೆಯ ಕಡೆಯಿಂದ ಒಂದು ಸದ್ದು ಬಂತು. ಅದು ನಗು ಎಂದು ಗುರುತು ಹಿಡಿಯಲು ರಹಮತ್‌ಬೀಗೆ ಸ್ವಲ್ಪ ಹೊತ್ತು ಬೇಕಾಯಿತು. ನನ್ನೇಸಾಬ ಹೊರಳಿದ.

"ಸಾವ್ಕಾರ್ರೆ, ನಿಮಗೂ ಎದೆ ಮ್ಯಾಲೆ ಕಲ್ಲಿಟ್ಟಂಗೆ ಆಗಿತ್ತೇನ್ರೀ?"

"ಕಲ್ಲಲ್ಲೋ. ಒದ್ದೆ ಹತ್ತಿ ಹಾಸಿಗೆ."

"ಅದೇ! ಅದೇ ರೀ!" ಎಂದು ಅವನು ಎದ್ದು ಕೂತ.

ಅಜ್ಜಮ್ಮನ ದಯೆಯಿಂದ ಮಧ್ಯಾಹ್ನದೊಳಗೆ ಊರಿಗೆಲ್ಲ ಗೊತ್ತಾಯಿತು. ಆದರೂ ಅವರು ಊರಿಗೆಲ್ಲ ಹಂಚಿದ್ದ ಕಾಶಿದಾರವನ್ನು ಯಾರೂ ಬಿಚ್ಚಲಿಲ್ಲ. ಹಿಂಜುವ ಬಿಲ್ಲಿಗೆ ಹಾಕುವ ಮೊದಲು ಹತ್ತಿಯ ಗಂಟುಗಳನ್ನು ಕೈಯಲ್ಲೇ ಬಿಡಿಸಬೇಕು. ಮರುದಿನದಿಂದ ಬೆಳಿಗ್ಗೆ ಯಾರಾದರೊಬ್ಬರು ಬಂದು ನನ್ನೇಸಾಬನ ಪಕ್ಕ ಕೂತು ಬಿಡಿಸತೊಡಗಿದರು. ಕಮ್ಮಾರ ಹನುಮಣ್ಣ ಹತ್ತಿ ಬಿಡಿಸುತ್ತ, ತಮ್ಮ ಸತ್ತ ವರ್ಷ ತಾನು ಕುಲುಮೆಯ ಮುಂದೆ ಸುಮ್ಮನೆ ಕೂತಿರುತ್ತಿದ್ದುದನ್ನು ಮೊದಲ ಸಲ ಹೇಳಿದ. ನನ್ನೇಸಾಬ ಏಳದ ದಿನ ರಹಮತ್‌ಬೀ, "ಇವತ್ತು ಎದ್ದಿಲ್ಲ, ಒಳಗೆ ಬರ್ರಿ" ಎನ್ನುತ್ತಿದ್ದಳು. ಅವರು ಬರುತ್ತಿದ್ದರು.

ಏಪ್ರಿಲ್‌ನ ಒಂದು ಬೆಳಿಗ್ಗೆ ಬಿಲ್ಲು ಝೇಂಕರಿಸಿತು. ಬೀದಿಯ ಅರ್ಧ ಜನ ಕೆಲಸ ಬಿಟ್ಟು ಓಡಿ ಬಂದರು. ಮೀಸೆಯ ತುಂಬ ಹತ್ತಿ ಮೆತ್ತಿಕೊಂಡು ನನ್ನೇಸಾಬ ಬೆವರುತ್ತಿದ್ದ. "ಹೊನ್ನಾಳಿಯಿಂದ ಬಂದ್ರೋ!" ಎಂದು ಅಜ್ಜಮ್ಮ ಕೂಗಿದಳು.

ಎದೆಯ ಮೇಲಿನ ಆ ಒದ್ದೆ ಹತ್ತಿ ಮುಂದೆಯೂ ಆಗಾಗ ಬಂತು. ಬಾಗಿಲು ಮಾತ್ರ ಮುಚ್ಚಲಿಲ್ಲ.

ದಿಂಬು ಏಪ್ರಿಲ್ ಹನ್ನೊಂದರಂದು ಮಹೇಶ್ವರಪ್ಪನವರ ಮನೆ ಸೇರಿತು. ಕತ್ತು ಎಡಕ್ಕೆ ತಿರುಗಿತು.