ಮೂಲೆಯ ಮಣ್ಣು

ಕಟುಂ.

ಭಜನೆಯವರು ಚಹಾ ಕುಡಿಯಲೆಂದು ಹೊರಗೆ ಹೋಗಿದ್ದರು. ತಾಳ ನಿಂತಿದ್ದರಿಂದಲೇ ಆ ಸಣ್ಣ ಸದ್ದು ಕೇಳಿಸಿತು. ರಾತ್ರಿ ಎರಡು ಗಂಟೆ ದಾಟಿತ್ತು. ಗೋಡೆಗೆ ಒರಗಿಸಿ ಕೂರಿಸಿದ್ದ ಅತ್ತೆ ತಾರವ್ವನ ಹೆಣದ ಮುಂದೆ ದೀಪಕ್ಕೆ ಎಣ್ಣೆ ಹಾಕುತ್ತಿದ್ದ ಮನೀಷಾ ಕೈ ತಡೆದಳು.

ಮತ್ತೆ, ಕಟುಂ. ಅದರ ಹಿಂದೆಯೇ ಹಲ್ಲುಗಳ ನಡುವೆ ಏನೋ ನುಣ್ಣಗೆ ಅರೆಯುವ ಸದ್ದು.

ಇಲಿಯಲ್ಲ. ಆ ಸದ್ದನ್ನು ಅವಳು ಒಂಬತ್ತು ತಿಂಗಳು ತನ್ನ ಬಾಯೊಳಗೇ ಕೇಳಿದ್ದಳು.

ಕೂತಲ್ಲೇ ತೂಕಡಿಸುತ್ತಿದ್ದ ಹೆಂಗಸರನ್ನು ದಾಟಿ ಅಡುಗೆಮನೆಗೆ ಹೋದಳು. ಒಲೆ ಹಚ್ಚದ ಕತ್ತಲೆಯಲ್ಲಿ, ಗೋಡೆಯ ಗೂಡಿನ ಕೆಳಗೆ ಯಾರೋ ಕೂತಿದ್ದರು. ಪಕ್ಕದ ಮನೆ ಲಗಮಣ್ಣನ ಸೊಸೆ ಸೌಂದರ್ಯಾ, ಆರು ತಿಂಗಳ ಬಸುರಿ. ಹೆಣದ ಮನೆಗೆ ಬಸುರಿ ಕಾಲಿಡಬಾರದೆಂದು ಅವಳ ಅತ್ತೆ ಸಂಜೆಯಿಂದ ಬಾಗಿಲು ದಾಟಗೊಟ್ಟಿರಲಿಲ್ಲ. ಹಿತ್ತಲಿನಿಂದ ಬಂದಿದ್ದಳು. ತೊಡೆಯ ಮೇಲೆ ತಾರವ್ವನ ತಗಡಿನ ಡಬ್ಬಿ ಇತ್ತು.

"ಉಗಳ," ಎಂದಳು ಮನೀಷಾ.

"ವೈನಿ..."

"ಉಗಳ ಅಂದೆ."

ಸೌಂದರ್ಯಾ ಮನೀಷಾಳ ಅಂಗೈಗೆ ಉಗುಳಿದಳು. ಒದ್ದೆ ಮಣ್ಣು, ಬೆಚ್ಚಗಿತ್ತು.

"ತಾರವ್ವ ಆಯಿ ಒಂದ ತಿಂಗಳಾತ್ರಿ, ಕೊಡೂದ ಬಿಟ್ಟಬಿಟ್ಟಿದ್ಲು. ಕೇಳಿದ್ರ ಬೈತಿದ್ಲು. ನನಗ ತಡಿಯೂದ ಆಗಲಿಲ್ಲ. ನಮ್ಮತ್ತಿಗೆ ಹೇಳಬ್ಯಾಡ್ರಿ ವೈನಿ, ಕೊಂದ ಹಾಕತಾಳ."

"ಎಷ್ಟ ತಿಂದಿ?"

"ಈಗ ಒಂದ ಬಿಲ್ಲಿ."

"ಈಗಿಂದಲ್ಲ. ಮೊದಲಿಂದ."

ಹುಡುಗಿಗೆ ಅಂಥ ಹೊತ್ತಿನಲ್ಲೂ ನಗು ಬಂತು. "ಅದನ್ನ ಯಾರ ಎಣಸತಾರ್ರಿ?"

ಮನೀಷಾ ಡಬ್ಬಿ ಕಿತ್ತುಕೊಂಡಳು. "ಹೆಣ ಇದ್ದ ಮನ್ಯಾಗಿಂದು ಬಾಯಿಗೆ ಹಾಕೊಬಾರದಂತ ಗೊತ್ತಿಲ್ಲೇನ? ಮಣ್ಣ ಬೇಕ ಅನಸ್ತೈತಿ ಅಂದರ ಮೈಯಾಗ ರಕ್ತಾ ಕಡಿಮಿ ಐತಿ. ನಾಡದ್ದ ನನ್ನ ಜೋಡಿ ಚಿಕ್ಕೋಡಿಗೆ ಬಾ, ಡಾಕ್ಟರಿಗೆ ತೋರಸೋಣ. ಬರಲಿಲ್ಲ ಅಂದರ ನಿಮ್ಮತ್ತಿಗೆ ಹೇಳತೇನಿ."

ಹೆದರಿಸಿ, ಡಬ್ಬಿಯನ್ನು ಸೆರಗಿನೊಳಗೆ ಮುಚ್ಚಿಕೊಂಡಳು.

*

ಒಂಬತ್ತು ವರ್ಷದ ಹಿಂದೆ ಬಸುರಿ ಮನೀಷಾಗೆ ಏನೂ ಸೇರುತ್ತಿರಲಿಲ್ಲ. ಬಿ.ಎ. ಮುಗಿಸಿ, ಏಕಸಂಬಿಯ ಈ ಓಣಿಗೆ ಸೊಸೆಯಾಗಿ ಬಂದು ಆರು ತಿಂಗಳಾಗಿತ್ತಷ್ಟೆ. ಅನ್ನದ ವಾಸನೆಗೆ ವಾಂತಿ. ಒಂದು ಮಧ್ಯಾಹ್ನ ಗೋಡೆಗೆ ನೀರು ಚಿಮುಕಿಸಿದಾಗ ಎದ್ದ ಮಣ್ಣಿನ ವಾಸನೆಗೆ ಬಾಯಲ್ಲಿ ನೀರೂರಿತು. ನಾಚಿಕೆಯಿಂದ ಮುಖ ತಿರುಗಿಸಿದಳು. ಬೀಡಿ ಕಟ್ಟುತ್ತ ಕೂತಿದ್ದ ತಾರವ್ವ ನೋಡಿಬಿಟ್ಟಿದ್ದಳು.

"ಅದಕ್ಯಾಕ ನಾಚತಿ? ಗೋಡಿ ಕೆರೀಬ್ಯಾಡ ಅಷ್ಟ. ಸುಣ್ಣಾ ಇರತೈತಿ."

ಮರುದಿನ ಮೊರದಲ್ಲಿ ಬಿಲ್ಲೆಗಳಿದ್ದವು. ಜರಡಿ ಹಿಡಿದ ಮಣ್ಣನ್ನು ಕಲಸಿ, ರೂಪಾಯಿಯಗಲ ತಟ್ಟಿ, ಹಂಚಿನ ಮೇಲೆ ಕೆಂಪಗೆ ಹುರಿದಿದ್ದಳು. "ಬೇಡಕಿಹಾಳದ್ದು, ನನ್ನ ತವರಮನಿ ಹೊಲದ ಮಣ್ಣ. ತುಪ್ಪದಂಥಾದ್ದು. ತಿನ್ನ."

ಬಾಯಲ್ಲಿಟ್ಟರೆ ಮೊದಲ ಮಳೆ ಕರಗಿದಂತಿತ್ತು. ಆ ಓಣಿಯ ಬಸುರಿಯರೆಲ್ಲ ಆ ಬಿಲ್ಲೆ ತಿಂದವರೇ. ತಾರವ್ವ ಯಾರಿಂದಲೂ ಏನೂ ತೆಗೆದುಕೊಳ್ಳುತ್ತಿರಲಿಲ್ಲ. ಕೂಸು ಹುಟ್ಟಿದ ಮೇಲೆ ಒಮ್ಮೆ ಎತ್ತಿಕೊಂಡು ಅದರ ನೆತ್ತಿ ಮೂಸುತ್ತಿದ್ದಳು, ಅಷ್ಟೇ ಅವಳ ಕೂಲಿ.

ಮನೀಷಾಳ ಮಗ ಅಮಿತ ಈಗ ಮೂರನೆಯ ಇಯತ್ತೆ. ನಿನ್ನೆ ಕಲಿತ ಅಕ್ಷರ ಇವತ್ತು ಅವನಿಗೆ ಗುರುತು ಸಿಗುವುದಿಲ್ಲ.

*

ಬೆಳಿಗ್ಗೆ ಅಂಗಳದಲ್ಲಿ ಹೆಣ ಕೂರಿಸಿ ಒಯ್ಯುವ ವಿಮಾನ ಕಟ್ಟುತ್ತಿದ್ದರು. ಬಿದಿರು ಸೀಳುವವರು ಇಬ್ಬರು, ಮಾತಾಡುವವರು ಹತ್ತು. ಮಾತು ಎಲ್ಲಿಂದ ಹೊರಟರೂ ಕಾಲ ಕೆಳಗಿನ ಮಣ್ಣಿಗೇ ಬಂದು ನಿಲ್ಲುತ್ತಿತ್ತು. ಓಣಿಯ ಹಿಂದೆ ಹಳೆ ಬ್ಯಾಟರಿ ಕರಗಿಸಿ ಸೀಸ ತೆಗೆಯುತ್ತಿದ್ದ ಭಟ್ಟಿ ಮುಚ್ಚಿ ಎಂಟು ವರ್ಷವಾಗಿತ್ತು. ಅದರ ಸೀಸ ಇನ್ನೂ ಇಪ್ಪತ್ತೆರಡು ಮನೆಗಳ ಹಿತ್ತಲಲ್ಲಿ ಇದೆ ಎಂದು ಹೋದ ತಿಂಗಳ ವರದಿ ಹೇಳಿತ್ತು. ಎರಡು ಅಡಿ ಮಣ್ಣು ತೆಗೆದು ಹೊಸ ಮಣ್ಣು ತುಂಬಬೇಕು. ಅದಕ್ಕೆ ಎಲ್ಲ ಮನೆಯವರ ಸಹಿ ಬೇಕು.

"ಇಪ್ಪತ್ತೊಂದ ಆಗ್ಯಾವ, ಈ ಮನೀದ ಒಂದ ಉಳದೈತಿ," ಎಂದ ತೌಸಿಫ. ಎದುರು ಮನೆಯವನು; ಗ್ಯಾರೇಜು ಇಟ್ಟಿದ್ದ. ಸಹಿಯ ಹಾಳೆ ಹಿಡಿದು ತಿಂಗಳಿಂದ ಮನೆ ಮನೆ ತಿರುಗಿದವನು ಅವನೇ. "ಇವತ್ತ ಹೇಳೂ ಮಾತಲ್ಲ ಇದು, ಗೊತ್ತೈತಿ. ಆದರ ನಾಳೆ ಕಡೀ ದಿನಾ. ಒಂದ ಮನಿ ಉಳದ್ರೂ ಮಶೀನ್ ಬರಂಗಿಲ್ಲ."

"ಅದ ಒಂದ ಮನೀನ ಶಾಣ್ಯಾ ಮನಿ," ಎಂದ ಲಗಮಣ್ಣ. "ನಾ ನಿಮ್ಮ ಕಾಟಕ್ಕ ಸಹಿ ಮಾಡೀನಿ. ಇಲ್ಲೆ ನೋಡ್ರಿ, ತಾರವ್ವ ಇದ ಮಣ್ಣಾಗ ಎಪ್ಪತ್ತಾರ ವರ್ಷದಾಕಿ ಆದಳು. ವಿಷಾ ಇದ್ದರ ಬದಕತಿದ್ಲೇನ? ಮಣ್ಣ ತಗಸಿದ ಓಣಿ ಅಂತ ಹೆಸರ ಬಿದ್ದರ ನಾಳೆ ನಮ್ಮ ಹುಡುಗ್ಯಾರನ್ನ ಯಾವನ ಕೇಳಾಕ ಬರತಾನ?"

"ಕಾಕಾ, ಅದು ಮುದುಕರನ್ನ ಏನೂ ಮಾಡಂಗಿಲ್ಲ. ಸಣ್ಣ ಹುಡುಗರನ್ನ ಹಿಡಿತೈತಿ. ಕ್ಯಾಂಪಿನಾಗ ಹುಡುಗೂರ ರಕ್ತಾ ತಗದಿದ್ರಲ್ಲ, ಕಾಗದಾ ನೋಡೀರಿಲ್ಲ?"

"ಕಾಗದಾ ನೋಡಿ ನನ್ನ ಕಣ್ಣ ಹೋಗ್ಯಾವ. ನೀ ಬಿದಿರ ಹಿಡಿ ಮೊದಲ, ಸೊಟ್ಟ ಆಗಾಕತ್ತೈತಿ. ಸತ್ತಾಕಿ ವಾಲಿಕೊಂಡ ಹೋಗಬೇಕೇನ?"

ಒಳಗೆ ಹೆಂಗಸರ ಅಳು ಏರಿ ಇಳಿಯುತ್ತಿತ್ತು. ತೌಸಿಫನ ತಾಯಿ ತಾಜಬಿ ಹೆಣದ ಕಾಲ ಬಳಿ ಕೂತು ತನ್ನಷ್ಟಕ್ಕೆ ಹೇಳುತ್ತಿದ್ದಳು. "ಇವ ಹೊಟ್ಟ್ಯಾಗ ಇದ್ದಾಗ ಅಕಿ ಕೈ ಬಿಲ್ಲಿ ಇರಲಿಲ್ಲ ಅಂದರ ನಾ ಸಾಯತಿದ್ದೆ. ತವರಿಂದ ಗಂಟ ಕಟಗೊಂಡ ಬರತಿದ್ಲು, ಸಕ್ಕರಿ ತಂದಂಗ."

"ನಂದೂ ಮೂರ ಬಾಣಂತನಾ ಅಕಿ ಮಣ್ಣಿನ ಮ್ಯಾಲ," ಎಂದಳು ಇನ್ನೊಬ್ಬಳು.

ಬೆಳಗಿನ ಬಸ್ಸಿಗೆ ಸೋಲಾಪುರದಿಂದ ಬಂದಿದ್ದ ಮಗಳು ಉಜ್ವಲಾ ತಾಯಿಯ ಮೊಣಕಾಲಿಗೆ ತಲೆ ಹಚ್ಚಿ ಹಾಡಿಕೊಂಡು ಅಳುತ್ತಿದ್ದಳು. "ತವರ ಹೊಲಾ ಮಾರಿದ ದಿನಾ ಅನ್ನಾ ಬಿಟ್ಟಿದ್ಯಲ್ಲ ನನ್ನವ್ವಾ... ಹನ್ನೆರಡ ವರ್ಷ ಆ ಊರ ದಾರಿ ತುಳೀಲಿಲ್ಲಲ್ಲ ನನ್ನವ್ವಾ..."

ಮನೀಷಾ ಉಸಿರು ಹಿಡಿದಳು. ಹನ್ನೆರಡು ವರ್ಷ. ಈ ಕೋಣೆಯಲ್ಲಿ ಐದು ವರ್ಷದ, ಏಳು ವರ್ಷದ, ಹತ್ತು ವರ್ಷದ ಮಕ್ಕಳ ತಾಯಂದಿರು ಕೂತಿದ್ದರು. ಹೊಲ ಹೋದ ಮೇಲೆ ಬಿಲ್ಲೆಯ ಮಣ್ಣು ಎಲ್ಲಿಯದೆಂದು ಯಾರಾದರೊಬ್ಬರು ಬೆರಳು ಮಡಚಿ ಲೆಕ್ಕ ಹಾಕಿದರೆ ಸಾಕಿತ್ತು.

ಯಾರೂ ಹಾಕಲಿಲ್ಲ. ಅಳು ಮುಂದುವರಿಯಿತು.

"ಸೊಸಿ ಕಣ್ಣಾಗ ಒಂದ ಹನಿ ನೀರಿಲ್ಲ ನೋಡ," ಎಂದು ಹಿಂದೆ ಯಾರೋ ಪಿಸುಗುಟ್ಟಿದರು.

*

ವರದಿ ಬಂದ ದಿನ ಓದಿ ಹೇಳಿದವಳು ಮನೀಷಾನೇ. ಅಂಗಳದ್ದು ಇಷ್ಟು, ಬಚ್ಚಲ ಹತ್ತಿರದ್ದು ಇಷ್ಟು.

"ಕಟಗಿ ಒಟ್ಟೇವಲ್ಲ, ಆ ಮೂಲ್ಯಾಂದ ಎಷ್ಟ ಐತಿ?" ಎಂದು ತಾರವ್ವ ಕೇಳಿದ್ದಳು.

"ಓಣ್ಯಾಗ ಎಲ್ಲಾಕ್ಕಿಂತ ಹೆಚ್ಚ ಅಲ್ಲೇ ಐತ್ರಿ ಅತ್ತಿ. ಭಟ್ಟಿ ಗ್ವಾಡಿಗೆ ಹತ್ತೇತಲ್ಲ."

ತಾರವ್ವ ಬೀಡಿ ಕಟ್ಟುವುದನ್ನು ನಿಲ್ಲಿಸಿದಳು. "ಹುರದ್ರ ಹೋಗತೈತೇನ ಅದು?" ಎಂದಳು.

"ಇಲ್ರಿ. ಸೀಸ ಎಲ್ಲಿ ಹೋಗತೈತಿ?"

ಆ ಪ್ರಶ್ನೆ ಯಾಕೆಂದು ಮನೀಷಾಗೆ ಅಂದು ಹೊಳೆಯಲಿಲ್ಲ. ಸಹಿಗೆ ತೌಸಿಫ ಬಂದಾಗ ತಾರವ್ವ ಗೋಡೆ ಕಡೆ ಮುಖ ಮಾಡಿ, "ನಾ ಇರೂತನಾ ಈ ಹಿತ್ತಲಾ ಅಗಿಯೂದ ಬ್ಯಾಡ," ಎಂದಳು. ಅಂದಿನಿಂದ ದಿನ ಬಿಟ್ಟು ದಿನ ಹೊಳೆದಂಡೆಯ ಗುಡಿಗೆಂದು ಹೋಗತೊಡಗಿದಳು. ಬರುವಾಗ ಕೈಯಲ್ಲಿ ಭಾರದ ಚೀಲ. "ಪ್ರಸಾದಾ ಇಷ್ಟ ವಜ್ಜ ಏನವ್ವಾ?" ಎಂದು ಮಗ ಸಿದ್ದಲಿಂಗ ಚೇಷ್ಟೆ ಮಾಡುತ್ತಿದ್ದ.

ನಿನ್ನೆ ಸಂಜೆ ಅವನು ಸಕ್ಕರೆ ಕಾರ್ಖಾನೆಯಲ್ಲಿ, ಅಮಿತ ಟ್ಯೂಷನ್ನಿನಲ್ಲಿ. ಮನೀಷಾ ಶಾಲೆಯಲ್ಲಿ ಪಾಠ ಮುಗಿಸಿ ಬಂದಾಗ ಮನೆ ತೆರೆದಿತ್ತು. ಕಟ್ಟಿಗೆ ರಾಶಿಯ ಹಿಂದೆ ತಾರವ್ವ ಮೊಣಕಾಲೂರಿದಂತೆಯೇ ಮುಂದಕ್ಕೆ ಬಾಗಿ ಬಿದ್ದಿದ್ದಳು. ಎದುರಿಗೆ ಫರ್ಶಿಕಲ್ಲು ಸರಿಸಿದ್ದ ತಗ್ಗು, ಸೊಂಟದಷ್ಟು ಆಳ. ಅದರ ಗೋಡೆಯ ತುಂಬ ಮಣ್ಣು ಕೆರೆಯುವ ಕುರ್ಪಿಯ ಗೀರುಗಳು, ವರ್ಷ ವರ್ಷದವು. ಅರ್ಧದವರೆಗೆ ಹೊಳೆಯ ಮಣ್ಣು ತುಂಬಿತ್ತು.

ತಗ್ಗು ನೋಡಿದ ಕ್ಷಣ ಮನೀಷಾಳ ನಾಲಿಗೆಗೆ ಆ ರುಚಿ ಬಂತು.

ಮೂಗಿನ ಮುಂದೆ ಬೆರಳು ಹಿಡಿದು ನೋಡಿದಳು, ಎರಡು ಸಲ. ಉಸಿರು ಇರಲಿಲ್ಲ. ಅವಳು ಮೊದಲು ಫರ್ಶಿಯನ್ನು ತಗ್ಗಿನ ಮೇಲೆ ಎಳೆದಳು. ಅತ್ತೆಯ ಕೈ ತೊಳೆದಳು, ಸೇಫ್ಟಿ ಪಿನ್ನಿನಿಂದ ಉಗುರು ಸ್ವಚ್ಛ ಮಾಡಿದಳು. ಆಮೇಲೆ ಕೂಗಿದಳು.

*

ವಿಮಾನದಲ್ಲಿ ತಾರವ್ವನನ್ನು ಕೂರಿಸಿ, ಹಣೆಗೆ ವಿಭೂತಿ ಬಳಿದು ಆಯಿತು. "ಜೋಡಿ ಏನರ ಇಡೂದಿದ್ದರ ಇಡ್ರಿ," ಎಂದರು ಅಯ್ಯನವರು. ಉಜ್ವಲಾ ಎಲೆ ಅಡಿಕೆಯ ಚೀಲ ಇಟ್ಟಳು. ಮನೀಷಾ ಸೆರಗಿನೊಳಗಿಂದ ತಗಡಿನ ಡಬ್ಬಿ ತೆಗೆದಳು.

"ಇದೂ ತಮ್ಮ ಜೋಡಿ ಬರಬೇಕಂತ ಅತ್ತಿ ಹೇಳಿದ್ರು."

"ಒಂದ್ನಾಲ್ಕ ತಗದ ಇಡ ಬೇ, ನೆನಪಿಗೆ," ಎಂದು ಒಬ್ಬಳು ಕೈ ಚಾಚಿದಳು.

"ಒಂದೂ ಬ್ಯಾಡ." ದನಿ ತುಸು ಜೋರಾಯಿತು. ಎಲ್ಲರೂ ತಿರುಗಿ ನೋಡಿದರು. ತಾಜಬಿ ಕಣ್ಣೊರೆಸಿಕೊಂಡು, "ಒಯ್ಯಲಿ ಬಿಡ್ರಿ. ಅಲ್ಲಿ ಯಾರ ಬಸರಿ ಅದಾರೋ ಏನೋ," ಎಂದಳು. ಅಳುವಿನ ನಡುವೆಯೇ ನಾಲ್ಕು ಜನ ನಕ್ಕರು. ಡಬ್ಬಿ ತಾರವ್ವನ ಮಡಿಲಲ್ಲಿ ಕೂತಿತು.

ಹೊರಡುವ ಮುಂಚೆ ಮನೀಷಾ ಗಂಡನನ್ನು ಬಚ್ಚಲ ಬಳಿಗೆ ಕರೆದಳು. "ತೌಸಿಫನ ಹಾಳಿಗೆ ಸಹಿ ಮಾಡ್ರಿ."

"ಈಗ? ಅವ್ವನ ಹೆಣ ಅಂಗಳದಾಗ ಐತಿ, ಮನೀಷಾ. ಅಕಿ ಬ್ಯಾಡ ಅಂದಿದ್ಲು."

"ನಾ ಇರೂತನಾ ಬ್ಯಾಡ ಅಂದಿದ್ರು. ನೀವೂ ಕೇಳೀರಿ." ಅವಳು ಅವನ ಕಣ್ಣನ್ನೇ ನೋಡಿದಳು. "ಅಮಿತನ ರಕ್ತದ ಕಾಗದಾ ನೀವೂ ನೋಡೀರಿ."

ಸಿದ್ದಲಿಂಗ ವಿಮಾನಕ್ಕೆ ಹೆಗಲು ಕೊಡಲು ಹೋದ. ಮಣ್ಣು ಮಾಡಿ ಬಂದು ಮೈ ತೊಳೆದುಕೊಂಡ ಮೇಲೆ, ಒದ್ದೆ ಕೈಯಲ್ಲೇ ಸಹಿ ಮಾಡಿದ. ಹಾಳೆಯ ಕೊನೆಯ ಸಾಲಿನ ಶಾಯಿ ಸ್ವಲ್ಪ ಹರಡಿತು. "ಸೋಮವಾರ ಮಶೀನ್ ಬರತೈತಿ ಅಣ್ಣಾ," ಎಂದ ತೌಸಿಫ.

ಸೋಮವಾರಕ್ಕೆ ಎರಡು ದಿನ. ಮಶೀನು ಬಂದಾಗ ಓಣಿಯೆಲ್ಲ ಹಿತ್ತಲಲ್ಲಿ ನಿಂತು ನೋಡುತ್ತದೆ. ತಗ್ಗು ಕಂಡರೆ, ನಾಲ್ಕು ಮಾತಿನಲ್ಲಿ ಎಲ್ಲವೂ ಹೊರಬರುತ್ತದೆ. ತಾರವ್ವನ ಹೆಸರು ಹೋಗುವುದಿರಲಿ. ನನ್ನ ಕೈಯಾರೆ ತಿಂದೆ, ನನ್ನ ಕೂಸಿಗೆ ನಾನೇ ಉಣಿಸಿದೆ ಎಂದು ಒಬ್ಬೊಬ್ಬ ತಾಯಿಯೂ ರಾತ್ರಿ ಎದ್ದು ಕೂರುತ್ತಾಳೆ. ಅದು ಹೇಗಿರುತ್ತದೆಂದು ಮನೀಷಾಗೆ ನಿನ್ನೆ ರಾತ್ರಿಯಿಂದ ಗೊತ್ತಿತ್ತು.

ಕತ್ತಲಾಗುವ ಹೊತ್ತಿಗೆ ಅವಳು ಕಟ್ಟಿಗೆ ರಾಶಿಯ ಹಿಂದೆ ಹೋದಳು. ಫರ್ಶಿ ಸರಿಸಿದಳು. ಗೋಡೆಗೆ ಆನಿಸಿಟ್ಟಿದ್ದ ಹೊಳೆಮಣ್ಣಿನ ಚೀಲಗಳಲ್ಲಿ ಎರಡು ಇನ್ನೂ ಬಾಯಿ ಬಿಚ್ಚಿರಲಿಲ್ಲ. ಒಂದನ್ನು ಬಗ್ಗಿಸಿದಳು. ಕುರ್ಪಿ ಎತ್ತಿಕೊಂಡು ಸಮ ಮಾಡತೊಡಗಿದಳು. ಕರ್, ಕರ್.

"ಮನೀಷಾ," ಒಳಗಿನಿಂದ ಸಿದ್ದಲಿಂಗ ಕೂಗಿದ. "ಏನದು ಸದ್ದ?"

ಕುರ್ಪಿ ನಿಂತಿತು. ಅವನ ತಾಯಿ; ಅವನಿಗಾದರೂ ಹೇಳಬೇಕೇನೋ. ಬಾಯಿ ತೆರೆದಳು.

"ಇಲಿ ಇರಬೇಕ್ರಿ," ಎಂದಳು.

ಇನ್ನು ಯಾರಿಗೂ ಹೇಳುವುದಿಲ್ಲ.

ಇನ್ನೊಂದು ಚೀಲ ಎಳೆದುಕೊಳ್ಳಲು ಮುಂದಕ್ಕೆ ಬಾಗಿದಾಗ ಮೊಣಕಾಲ ಕೆಳಗೆ ನೆಲ ತಗ್ಗಾಗಿರುವುದು ತಿಳಿಯಿತು. ಮೆತ್ತನೆ ಮಣ್ಣಿನಲ್ಲಿ ಎರಡು ಗುಂಡನೆಯ ಕುಳಿಗಳು, ಅಕ್ಕಪಕ್ಕ, ವರ್ಷಗಟ್ಟಲೆ ಊರಿ ಊರಿ ಆದವು. ಅವಳ ಮೊಣಕಾಲುಗಳು ಅವುಗಳೊಳಗೆ ಸರಿಯಾಗಿ ಕೂತಿದ್ದವು.