ಹುಲಗೆಮ್ಮನ ನೊರೆಹಾಲು

ಕೊಪ್ಪಳದ ಆಸ್ಪತ್ರೆಯ ಮಕ್ಕಳ ವಾರ್ಡಿನ ಬಾಗಿಲಲ್ಲಿ ಅತ್ತೆ ಸೊಸೆ ಎದುರುಬದುರು ನಿಂತಿದ್ದರು. ಅತ್ತೆ ಹುಲಗೆಮ್ಮನ ಕೈಯಲ್ಲಿ ಎಳನೀರಿನ ಚೀಲ. ಸೊಸೆ ಹೇಮಾವತಿಯ ಕೈ ಬಾಗಿಲಿಗೆ ಅಡ್ಡ.

"ಬ್ಯಾಡಂದ್ರ ಬ್ಯಾಡ್ರಿ ಅತ್ತಿ. ಅಳದು ಕೊಡೋದು ಬಿಟ್ಟು ಒಂದು ಹನಿ ಹೆಚ್ಚಿಗಿ ಕೊಡಬಾರ್ದಂತ ಡಾಕ್ಟರು ಹೇಳ್ಯಾರ."

"ಐದು ವರ್ಷದ ಕೂಸು ನೀರು ನೀರು ಅಂತ ಒದರಾಕತ್ತೈತಿ. ನೀ ಹಡದ ತಾಯಿಯೋ, ಮಾರಿಯೋ?"

"ಹಡದಾಕಿ ನಾನ. ಅದಕ್ಕ ಹೇಳಾಕತ್ತೀನಿ."

ಇಬ್ಬರದೂ ಮೊದಲಿನಿಂದಲೂ ಎಣ್ಣೆ ಸೀಗೆಕಾಯಿ. ಮರಳಿ ಊರಿನ ಮನೆಯಲ್ಲಿ ಹುಲಗೆಮ್ಮ ಎಮ್ಮೆ ಹಿಂಡಲು ಕುಂತರೆ ಮೊಮ್ಮಗಳು ಅಮೃತಾ ಹಿತ್ತಾಳೆ ಲೋಟ ಹಿಡಿದು ಬರುತ್ತಿದ್ದಳು. ಅಜ್ಜಿ ಕೆಚ್ಚಲಿನಿಂದ ನೇರ ಲೋಟಕ್ಕೇ ಹಿಂಡಿಕೊಡುತ್ತಿದ್ದಳು. ನೊರೆಹಾಲು ಕುಡಿದ ಮಕ್ಕಳು ಕಲ್ಲು ತಿಂದು ಅರಗಿಸಿಕೊಳ್ಳುತ್ತವೆ ಎಂಬುದು ಅವಳ ನಂಬಿಕೆ. ಕಾಸಿ ಕೊಡ್ರಿ ಎಂದ ಹೇಮಾವತಿಗೆ, "ನಿನ್ನೆ ಬಂದಾಕಿ ನನಗ ಹಾಲು ಕುಡಿಸೋದು ಕಲಸ್ತಿಯೇನ?" ಎಂದು ಬಾಯಿ ಮುಚ್ಚಿಸಿದ್ದಳು.

ಕೂಸಿಗೆ ನಾಲ್ಕು ದಿನ ರಕ್ತಭೇದಿಯಾಯಿತು. ಗಂಗಾವತಿಯಲ್ಲಿ ತೋರಿಸಿದರು. ಭೇದಿ ನಿಂತಿತು ಅನ್ನುವಷ್ಟರಲ್ಲಿ ಮುಖ ಊದಿತು, ಮೈ ಬಿಳಿಚಿಕೊಂಡಿತು, ಉಚ್ಚೆಯೇ ನಿಂತುಹೋಯಿತು. ಕೊಪ್ಪಳದ ಡಾಕ್ಟರು ಬಿಡಿಸಿ ಹೇಳಿದರು: ಹೊಟ್ಟೆಗೆ ಸೇರಿದ ಕ್ರಿಮಿಯ ವಿಷದಿಂದ ರಕ್ತದ ಕಣಗಳು ಒಡೆದಿವೆ, ಕಿಡ್ನಿಯ ಸಣ್ಣ ನಾಳಗಳು ಕಟ್ಟಿಕೊಂಡಿವೆ. ಹೊಟ್ಟೆಗೆ ನಳಿಕೆ ಇಟ್ಟು ಡಯಾಲಿಸಿಸ್ ಮಾಡಬೇಕು, ರಕ್ತ ಏರಿಸಬೇಕು. ಉಚ್ಚೆ ತಾನಾಗಿ ಬಂದರೆ ಕೂಸು ಉಳಿದಂತೆ.

"ಕಾಸದ ಹಾಲು ಕುಡಿಸಿದ್ರೇನು? ಕೆಚ್ಚಲಿಗೆ ಹತ್ತಿದ ಸೆಗಣಿಯಿಂದ ಈ ಕ್ರಿಮಿ ಬರ್ತೈತಿ," ಎಂದರು. ಹೇಮಾವತಿ ಅತ್ತೆಯ ಕಡೆ ತಿರುಗಿ ನೋಡಿದಳು.

"ನಾಕು ಮಕ್ಕಳನ್ನ ಅದ ಹಾಲಿನಾಗ ಬೆಳಸೀನ್ರಿ," ಎಂದಳು ಹುಲಗೆಮ್ಮ. "ನಮ್ಮ ಎಮ್ಮಿ ಮ್ಯಾಲ ಅಪವಾದ ಹೊರಸಬ್ಯಾಡ್ರಿ."

ಬಾಗಿಲಲ್ಲಿ ಜಗಳವಾದ ದಿನ ಮಧ್ಯಾಹ್ನ ಹೇಮಾವತಿ ರಕ್ತದ ಚೀಟಿ ಹಿಡಿದು ಕೆಳಗೆ ಹೋದಳು. ಹುಲಗೆಮ್ಮ ಒಳಗೆ ನುಗ್ಗಿದಳು. ಕೂಸಿನ ತುಟಿಗಳು ಒಡೆದಿದ್ದವು. "ಅಜ್ಜೀ, ನೀರು." ಯಾವ ಅಜ್ಜಿಯ ಕರುಳು ತಡೆದೀತು? ಜಡ್ಡಾದವರಿಗೆ ಎಳನೀರು ಒಯ್ಯುವುದು ಊರೆಲ್ಲ ಮಾಡುವ ಕೆಲಸ, ಅದರಲ್ಲಿ ಕೇಡಿದ್ದೀತು ಎಂದು ಯಾರು ನೆನೆಸುತ್ತಾರೆ? ಕೆತ್ತಿಸಿ ತಂದಿದ್ದ ಒಂದನ್ನು ಪೂರ್ತಿ ಕುಡಿಸಿ, ಬಾಯಿ ಒರೆಸಿ, ಬುರುಡೆಯನ್ನು ಚೀಲಕ್ಕೆ ಸೇರಿಸಿ ಹಾಸಿಗೆಯ ಕೆಳಗೆ ಸರಿಸಿದಳು. ಸೊಸೆಯನ್ನು ಗೆದ್ದ ಖುಷಿಯೂ ಅದರಲ್ಲಿತ್ತು, ಸುಳ್ಳೇಕೆ ಹೇಳಬೇಕು.

ಸಂಜೆಗೆ ಎದೆಬಡಿತದ ಯಂತ್ರ ಕೂಗಿಕೊಂಡಿತು. ನರ್ಸುಗಳು ಓಡಿಬಂದರು. ಹಾಸಿಗೆಯ ಕೆಳಗಿನ ಚೀಲ ಡಾಕ್ಟರ ಕಣ್ಣಿಗೆ ಬಿತ್ತು.

"ಎಳನೀರಾಗ ಪೊಟ್ಯಾಸಿಯಂ ಭಾಳ. ಕಿಡ್ನಿ ನಿಂತ ಕೂಸಿಗೆ ಅದು ವಿಷ. ಎದಿ ನಿಂತು ಹೋಗ್ತಿತ್ತು!"

ಇಂಜೆಕ್ಷನ್ ಕೊಟ್ಟು, ಡಯಾಲಿಸಿಸ್ ಹೆಚ್ಚಿಸಿ, ಹೇಗೋ ಜೀವ ಹಿಡಿದು ನಿಲ್ಲಿಸಿದರು.

ಹೇಮಾವತಿ ಅತ್ತೆಯ ತೋಳು ಹಿಡಿದು ಹೊರಗೆಳೆದಳು. "ಮೊದಲ ಹಾಲು ಕುಡಿಸಿದ್ರಿ. ಇವತ್ತ ಎಳನೀರು. ಮೂರನೇ ಸಲಕ್ಕ ನನ್ನ ಮಗಳು ಉಳಿಯಂಗಿಲ್ಲ. ಇನ್ನೊಮ್ಮಿ ಈ ಬಾಗಿಲ ದಾಟಿದ್ರ ಕಾಲು ಮುರೀತೀನಿ." ಮಗ ಶರಣಬಸವ ಹೆಂಡತಿಯ ಪಕ್ಕಕ್ಕೆ ಸರಿದು ನಿಂತ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ.

ಹುಲಗೆಮ್ಮ ಊರಿಗೆ ಹೋಗಲಿಲ್ಲ. ಹಟಕ್ಕೆ ಬಿದ್ದು ಆಸ್ಪತ್ರೆಯ ಪಡಸಾಲೆಯಲ್ಲೇ ಕುಂತಳು. ಸೊಸೆಯನ್ನು ಶಪಿಸಿದಳು, ಡಾಕ್ಟರನ್ನು ಶಪಿಸಿದಳು, ಮಗನನ್ನೂ ಬಿಡಲಿಲ್ಲ. ಬೈಯಲು ಯಾರೂ ಉಳಿಯದಾದಾಗ ಆ ಖಾಲಿ ಬುರುಡೆ ಕಣ್ಣಿಗೆ ಕಟ್ಟತೊಡಗಿತು. ದಿನಾ ಬೆಳಿಗ್ಗೆ ವಾರ್ಡಿನ ಆಯಾ ಶಾಹಜಾದಬಿ ಹೊರಗೆ ಬಂದರೆ ಒಂದೇ ಪ್ರಶ್ನೆ:

"ಉಚ್ಚಿ ಬಂತೇನವಾ?"

"ಇಲ್ಲಬೇ."

ಹತ್ತು ದಿನ ಅದೇ ಉತ್ತರ. ಹನ್ನೊಂದನೆಯ ದಿನ ಶಾಹಜಾದಬಿ ದೂರದಿಂದಲೇ ಕೂಗಿದಳು: "ಬಂತಬೇ! ಅಳತಿ ಡಬ್ಬಿಯಾಗ ಎರಡು ಬೆರಳಷ್ಟು ಐತಿ!" ಹುಲಗೆಮ್ಮ ಸೆರಗನ್ನು ಬಾಯಿಗೆ ತುರುಕಿಕೊಂಡು ಅತ್ತಳು. ಅದನ್ನು ಮೊದಲು ಕಂಡವಳು ಸೊಸೆ ಎಂಬುದು ಹೊಳೆದ ಮೇಲೆ ಹೊಟ್ಟೆ ಉರಿಯಿತು.

ಇನ್ನೆರಡು ವಾರಕ್ಕೆ ನಳಿಕೆ ತೆಗೆದು ಮನೆಗೆ ಕಳಿಸಿದರು. ತಿಂಗಳಿಗೊಮ್ಮೆ ರಕ್ತ, ಮೂತ್ರ ತೋರಿಸಬೇಕು, ಬಿ.ಪಿ. ನೋಡಿಸಬೇಕು ಎಂದರು. ಮರಳಿಯವರೆಗೂ ಅತ್ತೆ ಸೊಸೆ ಒಂದೇ ಬಸ್ಸಿನಲ್ಲಿ ಬಂದರು. ಒಬ್ಬಳು ಮುಂದಿನ ಸೀಟಿನಲ್ಲಿ, ಇನ್ನೊಬ್ಬಳು ಹಿಂದಿನ ಸೀಟಿನಲ್ಲಿ.

ಮರುದಿನ ಬೆಳಿಗ್ಗೆ ಹುಲಗೆಮ್ಮ ಎಮ್ಮೆಯ ಕೆಚ್ಚಲನ್ನು ಬಿಸಿನೀರಿನಲ್ಲಿ ಎರಡು ಸಲ ತೊಳೆದು ಹಿಂಡಲು ಕುಂತಳು. ಕಾಲು ಕಡ್ಡಿಯಾಗಿದ್ದರೂ ಅಮೃತಾ ಲೋಟ ಹಿಡಿದು ಬಂದಳು. ಅಡುಗೆಮನೆಯ ಬಾಗಿಲಲ್ಲಿ ಹೇಮಾವತಿ ಕೈಕಟ್ಟಿ ನಿಂತಿದ್ದಳು.

"ಅಜ್ಜಿ, ನೊರಿಹಾಲು."

"ಇಲ್ಲವ್ವ. ನಿಮ್ಮವ್ವ ಕುದಿಸಿ ಕೊಡ್ತಾಳ."

"ಯಾಕ?"

ಡಾಕ್ಟರಿಗೆ ಹೇಳದ, ಮಗನಿಗೂ ಹೇಳದ ಮಾತು ಅದು. "ನಾ ಕೊಟ್ಟ ಹಾಲಿನಿಂದನ ನಿನಗ ಜಡ್ಡು ಬಂತವ್ವ," ಎಂದಳು, ಎಮ್ಮೆಗೆ ಮಾತ್ರ ಕೇಳುವಷ್ಟು ಮೆಲ್ಲಗೆ.

"ನನಗ ಕೇಳಸಲಿಲ್ರಿ ಅತ್ತಿ," ಎಂದಳು ಹೇಮಾವತಿ. "ಇನ್ನೊಮ್ಮಿ ಹೇಳ್ರಿ."

ಹುಲಗೆಮ್ಮ ಹಲ್ಲು ಕಚ್ಚಿದಳು. ಮೊಮ್ಮಗಳ ಕೈಯಲ್ಲಿದ್ದ ಖಾಲಿ ಲೋಟವನ್ನು ನೋಡಿದಳು. ಆಮೇಲೆ ಇಡೀ ಓಣಿಗೆ ಕೇಳುವ ಹಾಗೆ ಹೇಳಿದಳು.